ತೂಬಿಲ್ಲದ ಬೋಗುಣಿ

ಅಜ್ಜಿಯ ಕಾಲದಲ್ಲಿ ಮದುವೆ ಮುಂಜಿಗಳ ಪಾಯಸವನ್ನು ಕಂಡು, ಅನಂತರ ಅಟ್ಟವನ್ನೇರಿ, ಬಹುಕಾಲ ಮರೆವಿನಲ್ಲಿ ಬಿದ್ದಿದ್ದ ಹಿತ್ತಾಳೆಯ ಉರುಳಿಯೊಂದು ಕೆಲವು ವರ್ಷಗಳಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದೆ. ಹುಣಿಸೆಹಣ್ಣು ಹಚ್ಚಿ ತಿಕ್ಕಿದಾಗ ಅದು ತಳೆಯುವ ಹೊಂಬಣ್ಣವನ್ನು ಕಂಡವರೆಲ್ಲರೂ ‘ಇದರಲ್ಲೊಂದು ಹಸುರು ಗಿಡವಿದ್ದರೆ ಎಷ್ಟು ಚೆನ್ನ!’ ಎನ್ನುತ್ತಿದ್ದರು, ನನಗೂ ಹಾಗೆಯೇ ತೋರಿತು. ಮಣ್ಣು ತುಂಬಿ ಮೊದಲು ನೆಟ್ಟ ತುಳಸಿ ಮೂರು ವಾರಗಳಲ್ಲಿ ಎಲೆಯುದುರಿಸಿತು. ಅದರ ಬಳಿಕ ನೆಟ್ಟ ಮರುಗದ ಗತಿಯೂ ಅದೇ ಆಯಿತು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ಎರೆದೆನು. ಕಡೆಗೆ ಬುಡವನ್ನು ಕಿತ್ತು ನೋಡಿದಾಗ ಬೇರುಗಳು ಕಪ್ಪಾಗಿ ಲೋಳೆಗಟ್ಟಿದ್ದುವು. ತಳದ ಮಣ್ಣಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಬಾಯಾರಿ ಬಾಡುತ್ತಿದೆಯೆಂದು ನಾನು ಬಗೆದ ಸಸಿ ವಾಸ್ತವವಾಗಿ ಉಸಿರುಕಟ್ಟಿ ಸತ್ತಿತ್ತು.

ತಳದಲ್ಲಿ ರಂಧ್ರವಿಲ್ಲದ ಅಲಂಕಾರದ ಪಾತ್ರೆಯಲ್ಲಿ ಏನನ್ನು ಬೆಳೆಯಬಹುದೆಂದು ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರಗಳು ದೊರೆಯುತ್ತವೆ. ತಳಕ್ಕೆ ಹರಳುಕಲ್ಲು ಹರಡಿದರೆ ಸಾಕೆಂದು ಒಬ್ಬರು. ಕಳ್ಳಿಯ ಜಾತಿಯನ್ನು ನೆಡಿರೆಂದು ಇನ್ನೊಬ್ಬರು. ಪಾತ್ರೆಗೆ ತೂತು ಕೊರೆಯಿಸಿರೆಂದು ಮತ್ತೊಬ್ಬರು. ಮಣ್ಣನ್ನೇ ಬಿಟ್ಟು ನೀರಿನಲ್ಲಿ ಬೆಳೆಸಿರೆಂದು ಮಗದೊಬ್ಬರು. ಈ ಉತ್ತರಗಳು ಒಂದನ್ನೊಂದು ಖಂಡಿಸುವಂತೆ ಕಂಡರೂ ಪ್ರತಿಯೊಂದರ ಹಿಂದೆಯೂ ದೀರ್ಘವಾದ ಅನುಭವವುಂಟು. ಆ ಅನುಭವಗಳು ಎಲ್ಲಿಂದ ಬಂದುವು, ಯಾವುದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಒಂದೆಡೆ ಇಟ್ಟು ನೋಡುವುದು ಯೋಗ್ಯವೆಂದು ನನಗೆ ಅನಿಸಿದೆ.

ರಂಧ್ರದ ಕೆಲಸ

ಬೇರು ಕುಡಿಯುವ ಅಂಗವಷ್ಟೇ ಅಲ್ಲ, ಉಸಿರಾಡುವ ಅಂಗವೂ ಹೌದು. ಮಣ್ಣಿನ ಕಣಗಳ ನಡುವಣ ತೆರಪುಗಳಲ್ಲಿ ಗಾಳಿಯಿರುವವರೆಗೆ ಆಮ್ಲಜನಕವು ಬೇರನ್ನು ಸುಲಭವಾಗಿ ಮುಟ್ಟುತ್ತದೆ. ಆ ತೆರಪುಗಳೆಲ್ಲವೂ ನೀರಿನಿಂದ ತುಂಬಿದಾಗ ಅದೇ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದ ಸ್ವಲ್ಪವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತೀರಿಸುತ್ತವೆ. ಅನಂತರ ಗಾಳಿಯಿಲ್ಲದೆ ಬದುಕಬಲ್ಲ ಜೀವಾಣುಗಳು ಮೇಲುಗೈ ಪಡೆದು, ಗಂಧಕಯುಕ್ತವಾದ ದುರ್ವಾಸನೆಯ ಅನಿಲವನ್ನು ಹೊರಡಿಸುತ್ತವೆ. ಪಿಥಿಯಂ, ಫೈಟಾಫ್ತೊರಾ ಮೊದಲಾದ ಕೊಳೆರೋಗಕಾರಿಗಳು ದುರ್ಬಲವಾದ ಬೇರನ್ನು ಹೊಗುತ್ತವೆ. ಬೇರು ಸತ್ತ ಗಿಡ ನೀರಿನ ನಡುವೆಯೇ ನೀರಿಲ್ಲದೆ ಬಾಡುವುದರಿಂದ, ನೋಡುವವರು ಮರುಕಗೊಂಡು ಮತ್ತಷ್ಟು ನೀರೆರೆಯುತ್ತಾರೆ.

ರಂಧ್ರಕ್ಕೆ ಇನ್ನೊಂದು ಕೆಲಸವುಂಟು. ಅದರ ಫಲ ತಡವಾಗಿ ಕಾಣಿಸುವುದರಿಂದ ಅದನ್ನು ಗಮನಿಸುವವರು ವಿರಳ. ನೀರು ಆವಿಯಾಗುವಾಗ ತನ್ನಲ್ಲಿ ಕರಗಿದ ಲವಣಗಳನ್ನು ಹಿಂದೆ ಬಿಟ್ಟುಹೋಗುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥಕ್ಕೆ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಷ್ಟು ಲವಣವುಳ್ಳ ನೀರನ್ನು ಎರಡು ದಿನಕ್ಕೊಂದು ಲೀಟರಿನಂತೆ ಎರೆದರೆ ವರ್ಷಕ್ಕೆ ಸುಮಾರು 180 ಲೀಟರಾಗಿ, ಪಾತ್ರೆಯೊಳಗೆ 90 ಗ್ರಾಂ ಲವಣ ಸೇರಿತೆಂದಾಯಿತು. ಬೋರ್‌ವೆಲ್ಲಿನ ಗಡಸು ನೀರಾದರೆ ಇದು ಇನ್ನೂ ಹೆಚ್ಚು. ತೂತುಳ್ಳ ಕುಂಡದಲ್ಲಿ ಇದರ ಬಹುಭಾಗ ಕೆಳಗಿಳಿದು ಹೋಗುತ್ತದೆ. ತೂತಿಲ್ಲದ್ದರಲ್ಲಿ ಹೋಗಲು ದಾರಿಯಿಲ್ಲ. ಮೊದಲ ವರ್ಷ ನಳನಳಿಸಿದ ಬೋಗುಣಿಯ ಗಿಡ ಎರಡನೆಯ ವರ್ಷ ಎಲೆಯ ಅಂಚು ಕರಟಿ ಕುಗ್ಗುವುದಕ್ಕೂ, ಮಣ್ಣಿನ ಮೇಲೆ ಬಿಳಿಯ ಹೊಪ್ಪಳಿಕೆ ಕಟ್ಟುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ನಮ್ಮ ನಾಡಿನ ಕೆರೆ ಕಟ್ಟಿಸಿದವರು ಈ ತತ್ತ್ವವನ್ನು ಬಲ್ಲವರಾಗಿದ್ದರು. ಬೇಕಾದ ನೀರನ್ನು ಗದ್ದೆಗೆ ಬಿಡಲು ತೂಬು, ಹೆಚ್ಚಾದುದು ಹರಿದುಹೋಗಲು ಕೋಡಿ. ಇವೆರಡೂ ಇಲ್ಲದ ಕೆರೆಯನ್ನು ಯಾರೂ ಕಟ್ಟಲಿಲ್ಲ. ಅಲಂಕಾರದ ಬೋಗುಣಿಯಾದರೋ ತೂಬೂ ಕೋಡಿಯೂ ಇಲ್ಲದ ಕಿರುಗೆರೆ. ಅದನ್ನು ಹೊಲವೆಂದು ತಿಳಿದು ಬಿತ್ತುವುದರಿಂದಲೇ ನಮ್ಮ ಕಷ್ಟಗಳು ಆರಂಭವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಕೆಲವು ದಿನಗಳ ಹಸುರು

ರಂಧ್ರವಿಲ್ಲದ ಪಾತ್ರೆಯಲ್ಲಿ ಬೆಳೆಯುವ ಪದ್ಧತಿ ಈಚಿನದಲ್ಲ. ಪ್ರಾಚೀನ ಅಥೆನ್ಸಿನ ಸ್ತ್ರೀಯರು ಅಡೋನಿಸನ ಉತ್ಸವಕ್ಕಾಗಿ ಒಡೆದ ಮಡಕೆಗಳಲ್ಲಿ ಬೇಗ ಮೊಳೆಯುವ ಬೀಜಗಳನ್ನು ಬಿತ್ತಿ ಮಾಳಿಗೆಯ ಮೇಲಿಡುತ್ತಿದ್ದರು. ಅವು ಬೇಗ ಚಿಗುರಿ ಬೇಗ ಬಾಡುವುದೇ ಆ ವಿಧಿಯ ಅರ್ಥವಾಗಿತ್ತು. ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ, ಬುದ್ಧಿವಂತನಾದ ಒಕ್ಕಲಿಗನು ತಾನು ಆದರಿಸುವ ಬೀಜವನ್ನು ಇಂಥ ತೋಟದಲ್ಲಿ ಗಂಭೀರವಾಗಿ ಬಿತ್ತಲಾರನೆಂದು ಸಾಕ್ರೆಟೀಸನ ಬಾಯಲ್ಲಿ ಹೇಳಿಸಿದ್ದಾನೆ.

ನಮ್ಮಲ್ಲಿ ಇದೇ ಕ್ರಿಯೆ ಅಂಕುರಾರ್ಪಣವೆಂಬ ಹೆಸರಿನಿಂದ ಮಂಗಳಕರವಾಗಿ ಉಳಿದುಬಂದಿದೆ. ದೇವಾಲಯದ ಬ್ರಹ್ಮೋತ್ಸವಕ್ಕೆ ಮುಂಚೆ ಶುದ್ಧವಾದ ಮಣ್ಣನ್ನು ತಂದು ಪಾಲಿಕೆಗಳೆಂಬ ಪಾತ್ರೆಗಳಲ್ಲಿ ತುಂಬಿ ನವಧಾನ್ಯವನ್ನು ಬಿತ್ತುತ್ತಾರೆ. ಮದುವೆಮನೆಗಳಲ್ಲಿಯೂ ಪಾಲಿಕೆಯ ಮೊಳಕೆಗೆ ಸ್ಥಾನವುಂಟು. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಘಟಸ್ಥಾಪನೆಯಂದು ಬಿತ್ತಿದ ಕಾಳು ವಿಜಯದಶಮಿಯ ಹೊತ್ತಿಗೆ ಎಳೆಯ ಸಸಿಗಳಾಗಿ ನಿಂತಿರುತ್ತದೆ. ಇಲ್ಲಿ ಯಾರೂ ರಂಧ್ರವನ್ನು ಕುರಿತು ಚಿಂತಿಸುವುದಿಲ್ಲ, ಚಿಂತಿಸಬೇಕಾಗಿಯೂ ಇಲ್ಲ. ಬೀಜದೊಳಗಣ ಬುತ್ತಿ ಮುಗಿಯುವುದಕ್ಕೂ ಬೇರು ಉಸಿರಿಗಾಗಿ ಕಷ್ಟಪಡುವುದಕ್ಕೂ ಮುಂಚೆಯೇ ಉತ್ಸವ ಮುಗಿದಿರುತ್ತದೆ. ಗಿಡ ಎಷ್ಟು ಕಾಲ ಬಾಳಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆಂಬ ತಿಳಿವಳಿಕೆ ಈ ಪಕ್ಷದ ಕೊಡುಗೆ. ಮೆಂತ್ಯ, ಸಾಸಿವೆ, ಗೋಧಿ, ರಾಗಿ ಇವುಗಳನ್ನು ಚೆಲುವಾದ ಪಿಂಗಾಣಿ ಬಟ್ಟಲಿನಲ್ಲಿ ಒತ್ತಾಗಿ ಬಿತ್ತಿ, ಹದಿನೈದು ದಿನ ಕಣ್ಣಿಗೂ ಅನಂತರ ಅಡುಗೆಮನೆಗೂ ಒದಗಿಸಿಕೊಳ್ಳುವುದು ಈಗಲೂ ಸಾಧ್ಯ.

ಚೀನದವರು ತಮ್ಮ ಹೊಸವರ್ಷದ ಸಮಯಕ್ಕೆ ಅರಳುವಂತೆ ನಾರ್ಸಿಸಸ್ ಗೆಡ್ಡೆಗಳನ್ನು ಹರಳುಕಲ್ಲು ಮತ್ತು ನೀರಿರುವ ಆಳವಿಲ್ಲದ ಬೋಗುಣಿಗಳಲ್ಲಿ ಕೂರಿಸುವುದೂ ಇದೇ ವರ್ಗಕ್ಕೆ ಸೇರಿದ್ದು. ಹೂವಿಗೆ ಬೇಕಾದ ಆಹಾರವೆಲ್ಲ ಗೆಡ್ಡೆಯಲ್ಲೇ ಸಂಚಿತವಾಗಿರುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ಹಯಸಿಂತ್ ಗೆಡ್ಡೆಗಳನ್ನು ರಂಧ್ರವಿಲ್ಲದ ಬೋಗುಣಿಯಲ್ಲಿ ಅರಳಿಸುವುದಕ್ಕಾಗಿಯೇ ಪೀಟ್ ನಾರು, ಕುಟ್ಟಿದ ಸಿಂಪಿಚಿಪ್ಪು, ಇದ್ದಿಲು ಇವುಗಳ ಮಿಶ್ರಣವೊಂದನ್ನು ಸಿದ್ಧಪಡಿಸಿದರು. ಇದ್ದಿಲನ್ನು ಬೆರೆಸುವ ರೂಢಿಯನ್ನು ಮುಂದೆ ಇನ್ನೊಂದು ಪಕ್ಷದವರೂ ಹಿಡಿದುದನ್ನು ನೋಡಲಿದ್ದೇವೆ.

ಹರಳುಕಲ್ಲಿನ ವಾದ

ಬೋಗುಣಿಯ ತಳಕ್ಕೆ ಎರಡಂಗುಲ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಹರಡಿ, ಅದರ ಮೇಲೆ ಇದ್ದಿಲಿನ ಪದರವಿಟ್ಟು, ಆಮೇಲೆ ಮಣ್ಣು ತುಂಬಬೇಕೆಂಬುದು ಅತ್ಯಂತ ಪ್ರಚಲಿತವಾದ ಉಪದೇಶ. ಹೆಚ್ಚಾದ ನೀರು ಕಲ್ಲಿನ ಸಂದಿಗಿಳಿದು, ಬೇರು ಒಣಗಿದ ನೆಲದಲ್ಲಿ ನೆಮ್ಮದಿಯಾಗಿರುತ್ತದೆಂಬುದು ಇದರ ತರ್ಕ. ತರ್ಕ ಸಹಜವಾಗಿದೆ, ಆದರೆ ನೀರಿನ ಸ್ವಭಾವ ಅಷ್ಟು ಸರಳವಲ್ಲ.

ಒಗೆದ ಪಂಚೆಯನ್ನು ಹಿಂಡದೆ ಹಗ್ಗದ ಮೇಲೆ ಇಳಿಬಿಟ್ಟಾಗ ಮೇಲಿನ ಭಾಗ ಬೇಗ ಆರಿ, ಕೆಳಗಿನ ಅಂಚು ಮಾತ್ರ ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಅಂಚಿನ ಕೆಳಗೆ ಬಯಲೇ ಇದ್ದರೂ ನೀರು ನೂಲಿನ ಹಿಡಿತವನ್ನು ಬಿಟ್ಟು ಬೀಳುವುದಿಲ್ಲ. ಮಣ್ಣೂ ಹಾಗೆಯೇ. ಅದರ ಸಣ್ಣ ತೆರಪುಗಳು ನೀರನ್ನು ಹಿಡಿದಿಡುವ ಬಲ ಕಲ್ಲಿನ ದೊಡ್ಡ ಸಂದಿಗಳಿಗೆ ಇಲ್ಲವಾದುದರಿಂದ, ಮಣ್ಣಿನ ತಳಭಾಗ ಪೂರ್ತಿಯಾಗಿ ನೆನೆದು ತೊಯ್ಯುವವರೆಗೂ ಒಂದು ಹನಿಯೂ ಜಲ್ಲಿಗೆ ಇಳಿಯುವುದಿಲ್ಲ. 1959ರ ಸುಮಾರಿನಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಗಾರ್ಡ್ನರ್ ಎಂಬ ಮಣ್ಣುವಿಜ್ಞಾನಿ ಪದರಪದರವಾಗಿ ತುಂಬಿದ ಮಣ್ಣಿನಲ್ಲಿ ನೀರು ಇಳಿಯುವುದನ್ನೂ, ಒರಟು ಪದರದ ಮೇಲೆ ತಡೆದು ನಿಲ್ಲುವುದನ್ನೂ ಚಲನಚಿತ್ರದಲ್ಲಿ ಸೆರೆಹಿಡಿದು ತೋರಿಸಿದನು. ಈಚೆಗೆ ಅದೇ ವಿಶ್ವವಿದ್ಯಾನಿಲಯದ ಲಿಂಡಾ ಚಾಕರ್-ಸ್ಕಾಟ್ ಎಂಬ ತೋಟಗಾರಿಕಾ ವಿದುಷಿ ಜಲ್ಲಿಯ ಪದರವನ್ನು ಒಂದು ಮಿಥ್ಯಾನಂಬಿಕೆಯೆಂದೇ ನಿರೂಪಿಸಿ ಬರೆದಿದ್ದಾರೆ.

ಈ ತೊಯ್ದ ಭಾಗದ ಎತ್ತರ ಮಣ್ಣಿನ ನುಣುಪನ್ನು ಅವಲಂಬಿಸಿದೆಯೇ ಹೊರತು ಪಾತ್ರೆಯ ಆಳವನ್ನಲ್ಲ ಎಂಬುದು ಇಲ್ಲಿ ವಿಶೇಷವಾಗಿ ನೆನಪಿಡತಕ್ಕ ಸಂಗತಿ. ಒಂದು ಮಣ್ಣಿನಲ್ಲಿ ಅದು 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 25 ಸೆಂಟಿಮೀಟರ್ ಆಳದ ಕುಂಡದಲ್ಲಿ ಐದನೆಯ ಒಂದು ಪಾಲು ಮಾತ್ರ ಕೆಸರು. 10 ಸೆಂಟಿಮೀಟರ್ ಆಳದ ಬೋಗುಣಿಯಲ್ಲಿ ಅರ್ಧದಷ್ಟು ಕೆಸರು. ಆ ಬೋಗುಣಿಗೆ 5 ಸೆಂಟಿಮೀಟರ್ ಕಲ್ಲು ತುಂಬಿದೆವೋ, ಉಳಿದ ಮಣ್ಣೆಲ್ಲವೂ ಕೆಸರೇ. ಅಲಂಕಾರದ ಪಾತ್ರೆಗಳು ಸಾಮಾನ್ಯವಾಗಿ ಅಗಲವಾಗಿಯೂ ಆಳವಿಲ್ಲದೆಯೂ ಇರುವುದರಿಂದ, ಕಲ್ಲಿನ ಉಪಾಯ ಎಲ್ಲಿ ಹೆಚ್ಚು ಬೇಕೆನಿಸುತ್ತದೆಯೋ ಅಲ್ಲಿಯೇ ಹೆಚ್ಚು ಅಪಾಯಕಾರಿಯಾಗುತ್ತದೆ.

ಆದರೂ ಈ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕಲ್ಲು ಮಣ್ಣನ್ನು ಒಣಗಿಸದಿದ್ದರೂ, ಒಮ್ಮೆ ಕಲ್ಲಿನ ತಳ ಸೇರಿದ ನೀರು ದೊಡ್ಡ ಸಂದಿಗಳ ಮೂಲಕ ಮತ್ತೆ ಮೇಲಕ್ಕೇರಲಾರದು. 30 ಸೆಂಟಿಮೀಟರ್ ವ್ಯಾಸದ, ನೆಟ್ಟಗಿನ ಗೋಡೆಯ ಪಾತ್ರೆಯಲ್ಲಿ 3 ಸೆಂಟಿಮೀಟರ್ ಕಲ್ಲು ಹರಡಿದರೆ ಅದು ಸುಮಾರು ಎರಡು ಲೀಟರ್ ಜಾಗ. ಸಂದಿಗಳ ಪಾಲು ಅದರ ಶೇಕಡ 40 ಎಂದರೂ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಅಲ್ಲಿ ಬೇರಿಗೆ ತಗುಲದೆ ನಿಲ್ಲಬಹುದು. ಒಮ್ಮೆ ಕೈತಪ್ಪಿ ಹೆಚ್ಚು ಎರೆದವರಿಗೆ ಇದೊಂದು ಆಸರೆ. ದಿನವೂ ಹೆಚ್ಚು ಎರೆಯುವವರಿಗೆ ಏನೂ ಅಲ್ಲ. ಅಲ್ಲದೆ 2025ರಲ್ಲಿ ಪ್ರಕಟವಾದ ಅಳತೆಯ ಪ್ರಯೋಗವೊಂದರಲ್ಲಿ, ತಳದಿಂದ ನೀರು ಹೊರಹೋಗಬಲ್ಲ ಕುಂಡಗಳಿಗೆ ಇಂಥ ಪದರ ಹಾಕಿದಾಗ ಮಣ್ಣಿನಲ್ಲಿ ಉಳಿದ ನೀರು ಬಹುಪಾಲು ಸಂದರ್ಭಗಳಲ್ಲಿ ಕಡಿಮೆಯೇ ಆಯಿತೆಂದು ಕಂಡುಬಂದಿದೆ. ಹಿಂದಿನ ಮಾಲಿಗಳ ಅನುಭವವನ್ನು ಮಿಥ್ಯೆಯೆಂದು ಕರೆಯುವುದರಲ್ಲಿ ಸ್ವಲ್ಪ ಆತುರವಾಯಿತೇನೋ ಎಂಬ ಶಂಕೆಗೆ ಇದು ಎಡೆಗೊಟ್ಟಿದೆ.

ಮಿತಜಲದ ಪಕ್ಷ, ಮುಚ್ಚಿದ ಗಾಜಿನ ಪಕ್ಷ

ನೀರು ಹೊರಹೋಗದಿದ್ದರೆ ಒಳಗೇ ಕಡಿಮೆ ಬಿಡೋಣವೆನ್ನುವವರು ಕಳ್ಳಿ, ಜೇಡ್ ಗಿಡ, ಸ್ನೇಕ್ ಪ್ಲಾಂಟ್, ಜೀಜೀ ಗಿಡ ಇವುಗಳನ್ನು ಸೂಚಿಸುತ್ತಾರೆ. ಎಲೆಯಲ್ಲೋ ಕಾಂಡದಲ್ಲೋ ಗೆಡ್ಡೆಯಲ್ಲೋ ನೀರನ್ನು ಕೂಡಿಟ್ಟುಕೊಂಡಿರುವ ಈ ಸಸ್ಯಗಳು ವಾರಗಟ್ಟಲೆ ಉಪವಾಸವಿರಬಲ್ಲವೆಂಬುದು ನಿಜ. ಆದರೆ ಬರವನ್ನು ತಾಳುವ ಗಿಡ ಕೆಸರನ್ನೂ ತಾಳುತ್ತದೆಂದು ತಿಳಿಯುವುದು ದೊಡ್ಡ ಪ್ರಮಾದ. ವಾಸ್ತವದಲ್ಲಿ ಇವೇ ಎಲ್ಲಕ್ಕಿಂತ ಬೇಗ ಕೊಳೆಯತಕ್ಕವು. ಚಮಚದಿಂದ ಅಳೆದು ನೀರು ಕೊಡುವ ಶಿಸ್ತುಳ್ಳವರ ಕೈಯಲ್ಲಿ, ಬಳ್ಳಾರಿ ರಾಯಚೂರುಗಳ ಒಣಹವೆಯಲ್ಲಿ, ಅಗಲವಾದ ಬೋಗುಣಿಯ ಕಳ್ಳಿ ಬಾಳೀತು; ಆಷಾಢದ ಮಡಿಕೇರಿಯಲ್ಲಿಯೋ ಆಗುಂಬೆಯಲ್ಲಿಯೋ ಒಮ್ಮೆ ನೆನೆದ ಮಣ್ಣು ತಿಂಗಳಾದರೂ ಆರದು. ಪೇಟೆಯಲ್ಲಿ ಉಡುಗೊರೆಯ ವಸ್ತುವಾಗಿ ಮಾರಾಟವಾಗುವ ಕಳ್ಳಿಯ ಬಟ್ಟಲುಗಳು ಬಹಳ ಕಾಲ ಬಾಳದಿರುವುದಕ್ಕೆ ಕೊಂಡವರ ಅಲಕ್ಷ್ಯಕ್ಕಿಂತ ಅತಿಪ್ರೀತಿಯೇ ಹೆಚ್ಚಾಗಿ ಕಾರಣವೆಂದು ನಾನು ನಂಬಿದ್ದೇನೆ.

ಮಿತಜಲದ ತತ್ತ್ವವನ್ನೇ ಪರಾಕಾಷ್ಠೆಗೆ ಒಯ್ದದ್ದು ಮುಚ್ಚಿದ ಗಾಜಿನ ಪಾತ್ರೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಹೊಗೆಯಿಂದ ತನ್ನ ಜರೀಗಿಡಗಳು ಸಾಯುವುದನ್ನು ಕಂಡು ಖಿನ್ನನಾಗಿದ್ದವನು. 1829ರಲ್ಲಿ ಪತಂಗದ ಕೋಶವೊಂದನ್ನು ಮಣ್ಣಿನಲ್ಲಿ ಹುದುಗಿಸಿ ಮುಚ್ಚಿಟ್ಟಿದ್ದ ಸೀಸೆಯೊಳಗೆ ಜರೀಗಿಡವೂ ಹುಲ್ಲೂ ತಾವಾಗಿಯೇ ಮೊಳೆತುದನ್ನು ಗಮನಿಸಿದನು. ಒಳಗಣ ತೇವ ಹಗಲು ಆವಿಯಾಗಿ ಗಾಜಿಗಂಟಿ ರಾತ್ರಿ ಮಣ್ಣಿಗೇ ಮರಳುತ್ತಿತ್ತು. 1833ರಲ್ಲಿ ಅವನು ಇಂಥ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಕಳುಹಿಸಿದನು. ಅವು ತಿಂಗಳುಗಟ್ಟಲೆಯ ಸಮುದ್ರಯಾನವನ್ನು ಜೀವಂತವಾಗಿ ದಾಟಿದುವು. 1842ರಲ್ಲಿ ಆತನ ಗ್ರಂಥ ಹೊರಬಂತು. ರಾಬರ್ಟ್ ಫಾರ್ಚೂನ್ ಚೀನದಿಂದ ಹಿಮಾಲಯದ ತಪ್ಪಲಿಗೆ ಚಹಾದ ಸಸಿಗಳನ್ನು ಸಾಗಿಸಿದ್ದೂ, ನೀಲಗಿರಿಗೆ ಸಿಂಕೋನಾ ಬಂದದ್ದೂ ವಾರ್ಡನ ಪೆಟ್ಟಿಗೆಗಳಲ್ಲಿ. ಜರೀಗಿಡ, ಹಾವಸೆ, ಫಿಟೋನಿಯ ಮೊದಲಾದ ತೇವಪ್ರಿಯ ಸಸ್ಯಗಳಿಗೆ ಈ ಮಾರ್ಗ ಯೋಗ್ಯ. ಆದರೆ ನೇರ ಬಿಸಿಲು ತಾಗಿದರೆ ಮುಚ್ಚಿದ ಗಾಜು ಒಲೆಯಾಗುತ್ತದೆ. ಬಾಯ್ದೆರೆದ ಬೋಗುಣಿಗೆ ಇದರ ನಿಯಮಗಳು ಅನ್ವಯಿಸುವುದೂ ಇಲ್ಲ.

ಪಾತ್ರೆಯೊಳಗೊಂದು ಪಾತ್ರೆ

ತೂತುಳ್ಳ ಸಾದಾ ಕುಂಡದಲ್ಲಿ ಗಿಡವನ್ನು ಬೆಳೆಸಿ, ಅದನ್ನು ಚೆಲುವಾದ ಬೋಗುಣಿಯೊಳಗಿಟ್ಟು, ನೀರೆರೆಯುವ ದಿನ ಹೊರತೆಗೆದು ಬಸಿದು ಮತ್ತೆ ಒಳಗಿಡುವುದು ಪ್ರಾಯಶಃ ಎಲ್ಲಕ್ಕಿಂತ ನಿರಪಾಯವಾದ ಉಪಾಯ; ಫ್ರೆಂಚರಲ್ಲಿ ಇಂಥ ಹೊರಪಾತ್ರೆಗೆ ‘ಕುಂಡವನ್ನು ಅಡಗಿಸುವುದು’ ಎಂಬರ್ಥದ ಹೆಸರೇ ಇದೆ. ಉಸಿರಿನ ತೊಂದರೆಯೂ ಲವಣದ ತೊಂದರೆಯೂ ಒಟ್ಟಿಗೆ ಪರಿಹಾರವಾಗುತ್ತವೆ. ರಂಧ್ರ ಕೊರೆಯಿಸುವುದೂ ಹಾಗೆಯೇ. ಆದರೆ ಮೂರು ತಲೆಮಾರು ಅನ್ನವಿಟ್ಟ ಪಾತ್ರೆಯ ಎದೆಗೆ ಬೈರಿಗೆ ಹಿಡಿಯುವುದಕ್ಕೆ ನನ್ನ ಮನಸ್ಸು ಒಡಂಬಡಲಿಲ್ಲ. ತಗ್ಗಾದ ಉರುಳಿಗೆ ಒಳಕುಂಡವೂ ಹೊಂದುವುದಿಲ್ಲ. ಕಂಠ ಹೊರಗೆ ಇಣುಕುತ್ತದೆ. ಇವೆರಡೂ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪ್ರಶ್ನೆಯೇ ಹುಟ್ಟದಂತೆ ಮಾಡುತ್ತವೆ.

ಬೋಗುಣಿಯೇ ಕೆರೆ

ಕೊನೆಯ ಪಕ್ಷ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಆದಕಾರಣ ಅದರ ವಿಷಯದಲ್ಲಿ ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ. ಪಾತ್ರೆಯನ್ನು ಗಿಡಕ್ಕೆ ಹೊಂದಿಸಲು ಹೆಣಗುವ ಬದಲು, ಪಾತ್ರೆಯಂಥ ನೆಲೆಯಲ್ಲೇ ಹುಟ್ಟಿ ಬೆಳೆದ ಗಿಡವನ್ನು ಹುಡುಕಬೇಕೆಂಬುದು ಇದರ ತಿರುಳು.

ನೀರಿನಲ್ಲಿ ಬಾಳುವ ಗಿಡಗಳು ಉಸಿರಿನ ಸಮಸ್ಯೆಯನ್ನು ತಮ್ಮ ಶರೀರರಚನೆಯಿಂದಲೇ ಬಗೆಹರಿಸಿಕೊಂಡಿವೆ. ತಾವರೆಯ ಗೆಡ್ಡೆಯನ್ನು ಅಡ್ಡಲಾಗಿ ಹೆಚ್ಚಿದಾಗ ಕಾಣುವ ಸುಂದರವಾದ ತೂತುಗಳು ಗಾಳಿಯ ಕಾಲುವೆಗಳು. ಎಲೆಯಿಂದ ಹೊಕ್ಕ ಗಾಳಿ ದಂಟಿನ ಮೂಲಕ ಕೆಸರಿನ ಒಡಲಿಗೆ ಇಳಿಯುತ್ತದೆ. ಭತ್ತದ ಬೇರಿನಲ್ಲಿಯೂ ಇಂಥ ಗಾಳಿಗೂಡುಗಳುಂಟು. ರಂಧ್ರವನ್ನು ಪಾತ್ರೆಯಲ್ಲಿ ಹುಡುಕುತ್ತಿದ್ದ ನಮಗೆ ಅದು ಗಿಡದೊಳಗೇ ದೊರೆತಂತಾಯಿತು. ಅಷ್ಟೇ ಅಲ್ಲ, ತಾವರೆಯನ್ನು ಬೆಳೆಯುವವರು ರಂಧ್ರವಿಲ್ಲದ, ದುಂಡನೆಯ ತೊಟ್ಟಿಯನ್ನೇ ಬೇಕೆಂದು ಆರಿಸುತ್ತಾರೆ. ತಳದಲ್ಲಿ ತೂತಿದ್ದರೆ ಹರಿದಾಡುವ ಕುಡಿಗೆಡ್ಡೆ ಅದನ್ನು ಹೇಗೋ ಕಂಡುಹಿಡಿದು ಹೊರಗೆ ನುಸುಳಿಬಿಡುತ್ತದೆ. ಮೂಲೆಯಿದ್ದರೆ ಅಲ್ಲಿ ಸಿಕ್ಕಿ ನಲುಗುತ್ತದೆ. ತುಳಸಿಗೆ ದೋಷವಾದದ್ದು ತಾವರೆಗೆ ಗುಣವಾಯಿತು. ಆದರೆ ತಾವರೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಪಡಸಾಲೆಯ ನೆರಳಿನಲ್ಲಿ ಅದು ಹೂ ಬಿಡದು.

ನೆರಳಿನ ಬೋಗುಣಿಗೆ ನಮ್ಮ ನಾಡೇ ಒದಗಿಸುವ ಸಸ್ಯಗಳನ್ನು ನರ್ಸರಿಯವರು ಏಕೆ ಮುಂದಿಡುವುದಿಲ್ಲವೋ ನಾನರಿಯೆ. ತೋಡಿನ ಅಂಚಿನಲ್ಲಿ, ಅಡಕೆತೋಟದ ಕಾದಿಗೆಯ ಬದಿಯಲ್ಲಿ ತಾನಾಗಿ ಹಬ್ಬುವ ಒಂದೆಲಗ, ತುಳುನಾಡಿನವರ ತಿಮರೆ, ಒದ್ದೆ ಮಣ್ಣಿನಲ್ಲಿ ನಲಿಯುವ ಗಿಡ. ಅದರ ದುಂಡನೆಯ ಎಲೆಗಳೂ ಅಂಚಿನಿಂದಾಚೆ ಜೋಲುವ ಬಳ್ಳಿಗಳೂ ಯಾವ ವಿದೇಶದ ಅಲಂಕಾರಸಸ್ಯಕ್ಕೂ ಕಡಿಮೆಯಲ್ಲ. ಮೇಲಾಗಿ ತಂಬುಳಿಗೆ ನಾಲ್ಕು ಎಲೆ ದೊರೆಯುತ್ತದೆ. ಜವುಗಿನ ಬಜೆ ಕತ್ತಿಯಂಥ ಎಲೆಗಳನ್ನು ನೆಟ್ಟಗೆ ನಿಲ್ಲಿಸಿ ಗಂಭೀರವಾಗಿ ಕಾಣುತ್ತದೆ. ನೀರುಬ್ರಾಹ್ಮಿ ಚಿಕ್ಕ ಬಿಳಿಹೂಗಳನ್ನು ಬಿಡುತ್ತದೆ. ಕೆಸುವಿನ ಒಂದು ಗೆಡ್ಡೆ ದೊಡ್ಡ ಬೋಗುಣಿಗೆ ಸಾಕು.

ಮಣ್ಣೇ ಇಲ್ಲದ ನೀರಿನ ಬೆಳೆಗೂ ದೀರ್ಘವಾದ ಇತಿಹಾಸವಿದೆ. 1699ರಲ್ಲಿ ಜಾನ್ ವುಡ್‌ವರ್ಡ್ ಪುದೀನದ ಜಾತಿಯ ಗಿಡವನ್ನು ಬೇರೆಬೇರೆ ನೀರುಗಳಲ್ಲಿ ಬೆಳೆಸಿ, ಮಣ್ಣು ಕದಡಿದ ನೀರಿನಲ್ಲಿ ಅದು ಹೆಚ್ಚು ಪುಷ್ಟಿಗೊಂಡಿತೆಂದು ಕಂಡನು. 1860ರ ಸುಮಾರಿನಲ್ಲಿ ಜರ್ಮನಿಯ ಸಾಕ್ಸ್ ಮತ್ತು ನೋಪ್ ಗೊತ್ತಾದ ಲವಣಗಳ ದ್ರಾವಣದಲ್ಲೇ ಗಿಡಗಳನ್ನು ಬೆಳೆಸಿದರು. ಕ್ಯಾಲಿಫೋರ್ನಿಯದ ಗೆರಿಕೆ 1937ರಲ್ಲಿ ಈ ವಿದ್ಯೆಗೆ ಹೈಡ್ರೊಪಾನಿಕ್ಸ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ನಮ್ಮ ಮನೆಮನೆಯ ಸೀಸೆಗಳಲ್ಲಿರುವ ಮನಿ ಪ್ಲಾಂಟೂ, ಬಿದಿರಲ್ಲದಿದ್ದರೂ ಬಿದಿರಿನ ಹೆಸರು ಹೊತ್ತು ಆಫ್ರಿಕದಿಂದ ಬಂದ ಲಕ್ಕಿ ಬ್ಯಾಂಬೂ ಎಂಬ ಡ್ರಸೀನವೂ ಈ ವಿದ್ಯೆಯ ಅತಿಸರಳವಾದ ಉದಾಹರಣೆಗಳು. ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಹೊಸದನ್ನು ತುಂಬುವುದರಿಂದ ಆಮ್ಲಜನಕವೂ ಹೊಸತಾಗುತ್ತದೆ, ಲವಣವೂ ಕೂಡಿಕೊಳ್ಳುವುದಿಲ್ಲ.

ಈ ಪಕ್ಷಕ್ಕಿರುವ ಪ್ರಬಲವಾದ ಆಕ್ಷೇಪ ಸಸ್ಯಶಾಸ್ತ್ರದಿಂದ ಬಂದದ್ದಲ್ಲ, ಆರೋಗ್ಯಶಾಸ್ತ್ರದಿಂದ ಬಂದದ್ದು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಮನೆಯೊಳಗಣ ತಿಳಿನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಸೆಕೆಯ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನಗಳೊಳಗೆ ಮರಿ ಸೊಳ್ಳೆಯಾಗಿ ಹಾರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಿಸಿಕೊಂಡವರಿಗೆ ದಂಡವನ್ನು ವಿಧಿಸಿತು. ಆದುದರಿಂದ ತೆರೆದ ನೀರಿನ ಬೋಗುಣಿಯನ್ನಿಡುವವರು ವಾರದೊಳಗೆ ನೀರು ಬದಲಿಸಬೇಕು, ಅಥವಾ ತಾವರೆಯ ತೊಟ್ಟಿಯಾದರೆ ಗಪ್ಪಿ ಮೀನುಗಳನ್ನು ಬಿಡಬೇಕು. ನೀರು ಮೇಲೆ ನಿಲ್ಲದಂತೆ, ಮಣ್ಣು ಮಾತ್ರ ಸದಾ ಒದ್ದೆಯಾಗಿರುವಂತೆ ಒಂದೆಲಗವನ್ನು ಬೆಳೆಸುವುದು ನಡುವಣ ದಾರಿ.

ಇತ್ಯರ್ಥವಾಗದೆ ಉಳಿದದ್ದು

ಇದ್ದಿಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು ವಾಸನೆಯ ಅಣುಗಳನ್ನೂ ಕೆಲವು ಸಾವಯವ ವಸ್ತುಗಳನ್ನೂ ತನ್ನ ಮೈಗೆ ಹತ್ತಿಸಿಕೊಳ್ಳುತ್ತದೆಂಬುದರಲ್ಲಿ ಸಂದೇಹವಿಲ್ಲ. ಒಲೆಯ ಇದ್ದಿಲಿನ ನಾಲ್ಕು ಚೂರು, ಅದೂ ಮಣ್ಣಿನಡಿಯಲ್ಲಿ, ಎಷ್ಟು ತಿಂಗಳು ಆ ಕೆಲಸ ಮಾಡೀತು ಎಂಬುದು ಬೇರೆಯೇ ಪ್ರಶ್ನೆ. ಕಲ್ಲಿನ ಪದರವನ್ನು ಅಳೆದು ನೋಡಿದ ಪ್ರಯೋಗಗಳು ತೂತುಳ್ಳ ಕುಂಡಗಳಲ್ಲಿ ನಡೆದವು. ತೂತಿಲ್ಲದ ತಗ್ಗು ಬೋಗುಣಿಗೆ ಆ ಫಲಿತಾಂಶವನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದೆಂಬುದರಲ್ಲಿ ಎರಡು ಕಡೆಯವರೂ ಊಹೆಯನ್ನೇ ಆಶ್ರಯಿಸಬೇಕಾಗಿದೆ. ಮಣ್ಣಿನ ಬೋಗುಣಿಯ ಲವಣವನ್ನು ತೊಳೆಯಲು ಅದನ್ನು ಬಾಗಿಸಿ ಬಸಿಯುವುದು ಸಾಕೆ, ವರ್ಷಕ್ಕೊಮ್ಮೆ ಮಣ್ಣನ್ನೇ ಬದಲಿಸಬೇಕೆ ಎಂಬುದರಲ್ಲಿಯೂ ಬೆಳೆಗಾರರಿಗೆ ಏಕಾಭಿಪ್ರಾಯವಿಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯವಾದ ಸಂಶಯ ಲೋಹವನ್ನು ಕುರಿತದ್ದು. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ತಾಮ್ರ ಅತ್ಯಲ್ಪ ಪ್ರಮಾಣದಲ್ಲಿ ಗಿಡಕ್ಕೆ ಪೋಷಕ, ಸ್ವಲ್ಪ ಹೆಚ್ಚಿದರೆ ಬೇರಿಗೆ ವಿಷ. ಬೇರು ಗೋಡೆಗೆ ಸುತ್ತಿಕೊಳ್ಳದಿರಲೆಂದು ಕುಂಡಗಳ ಒಳಮೈಗೆ ತಾಮ್ರದ ಲೇಪ ಹಚ್ಚುವ ಪದ್ಧತಿಯೇ ನರ್ಸರಿಗಳಲ್ಲಿ ಉಂಟು. ನಮ್ಮ ಅಜ್ಜಿಯರು ಹುಳಿ ಸೇರಿದ ಅಡುಗೆಗೆ ಕಲಾಯಿಯಿಲ್ಲದ ಹಿತ್ತಾಳೆಯನ್ನು ಮುಟ್ಟಿಸುತ್ತಿರಲಿಲ್ಲ. ಕೊಳೆಯುವ ಎಲೆಗೊಬ್ಬರದ ಮಣ್ಣೂ ಹುಳಿಯೇ. ಈಗ ಉರುಳಿಗೆ ಕಲಾಯಿ ಹಾಕಿಸಿ ಒಂದೆಲಗವನ್ನು ನೆಟ್ಟಿದ್ದೇನೆ. ಎರಡು ಮಳೆಗಾಲಗಳನ್ನು ಕಳೆದಿದೆ. ಕಲಾಯಿಯಿಲ್ಲದೆಯೂ ಅದು ಹೀಗೆಯೇ ಹಬ್ಬುತ್ತಿತ್ತೇ, ಮೊದಲು ಸತ್ತ ತುಳಸಿಯನ್ನು ಕೊಂದದ್ದು ನೀರೊಂದೇ ಅಥವಾ ತಾಮ್ರವೂ ಕೈಜೋಡಿಸಿತ್ತೇ ಎಂಬುದನ್ನು, ಇನ್ನೊಂದು ಅಂಥದೇ ಉರುಳಿ ದೊರೆತು ಅದನ್ನು ಕಲಾಯಿಯಿಲ್ಲದೆ ಇದರ ಪಕ್ಕದಲ್ಲಿಟ್ಟು ಬೆಳೆಸಿ ನೋಡುವವರೆಗೆ ಹೇಳಲಾರೆ.